ಹೆಬ್ಬೆಟ್ಟಿನ ಕೆಳಗ ಮುಚ್ಚಿಟ್ಟ ಸಾಲು

ನಮ್ಮ ಧಂದೇಕ ಹೊಸದಾಗಿ ಬಂದವರು ಮನಿಗೆ ಬಂದು, "ಖಾಜಾ ಸಾಹೇಬ್ರ, ಮೂವತ್ತೆರಡು ವರ್ಷ ಮೆಡಿಕಲ್ ರೆಪ್ ಆಗಿ ದುಡದೀರಿ, ನಮಗ ಎರಡ ಮಾತು ಹೇಳ್ರಿ" ಅಂತ ಕೇಳ್ತಾರ. ಎರಡ ಮಾತಿನಾಗ ಮುಗಿಯೂ ಬಾಬತ್ತಲ್ಲ ಇದು. ಅದಕ ಬರಿಯಾಕ ಕುಂತೀನಿ. ಪ್ರಮೋಷನ್ ಹ್ಯಾಂಗ ಹೊಡೀಬೇಕು ಅನ್ನೂದು ಇದರಾಗ ಸಿಗೂದಿಲ್ಲ. ನನಗ ಸಿಕ್ಕದ್ದು ಒಂದ ಒಂದು ಪ್ರಮೋಷನ್, ಅದೂ ನನ್ನ ಮ್ಯಾಲಿನಾಂವ ನೌಕರಿ ಬಿಟ್ಟು ಓಡಿಹೋದದ್ದಕ್ಕ. ಕಂಪನಿ ಹೆಸರೂ ಹೇಳೂದಿಲ್ಲ. ಪೆನ್ಷನ್ ಕೊಡದಿದ್ರೂ ಮೂವತ್ತೆರಡು ವರ್ಷ ಅನ್ನ ಹಾಕ್ಯಾರ.

ಮೊದಲ ಹೊಟ್ಟಿ ವಿಚಾರ ಹೇಳ್ತೀನಿ, ಯಾಕಂದ್ರ ಈ ಕಥಿ ಪೂರಾ ಹೊಟ್ಟೀದ. ನನ್ನ ಏರಿಯಾ ಸಿಂಧನೂರು, ಮಸ್ಕಿ, ಲಿಂಗಸೂಗೂರು. ಮುಂಜಾನೆ ಸಿಂಧನೂರಿನ ದವಾಖಾನಿ, ಮಧ್ಯಾಹ್ನ ಮಸ್ಕಿ, ಸಂಜೀಕ ಲಿಂಗಸೂಗೂರು. ಮರುದಿನ ಅದ ಉಲ್ಟಾ. ಊಟಕ್ಕ ಹೊತ್ತಿಲ್ಲ ಗೊತ್ತಿಲ್ಲ. ಬಸ್ ಸ್ಟ್ಯಾಂಡ್ ಮುಂದ ಒಗ್ಗಾಣಿ, ಅದರ ಜೋಡಿ ಎರಡು ಮಿರ್ಚಿ, ಮ್ಯಾಲ ಚಹಾ. ಎದಿ ಉರಿ ಗುಳಿಗಿ ಮಾರಾಂವ ನಾನ, ಎದಿ ಉರಿ ಹೊತಗೊಂಡು ತಿರಗಾಂವನೂ ನಾನ.

ನಮ್ಮ ಕೆಲಸ ಔಷಧ ಮಾರೂದು ಅಂತ ನಿಮಗ ಟ್ರೇನಿಂಗ್‌ನ್ಯಾಗ ಹೇಳಿರ್ತಾರ. ಸುಳ್ಳು. ನಮ್ಮ ಕೆಲಸ ಕಾಯೂದು. ಡಾಕ್ಟರ್ ಬಾಗಿಲ ಮುಂದ ಪೇಷಂಟ್ ಮಂದಿ ನಡುವ ಟೈ ಕಟಗೊಂಡು ಕೂಡಬೇಕು. ಮುಕ್ಕುಂದ ಅನ್ನೂ ಹಳ್ಳೀ ಒಬ್ಬಾಕಿ ಮುದುಕಿ, ಮಂಡಿನೋವಿಗೆ ತೋರಸಾಕ ಬರಾಕಿ, ಮೂರ್ನಾಲ್ಕು ಸಲ ನನ್ನ ಅಲ್ಲೇ ನೋಡಿ ಕಡೀಗೊಂದ ದಿನ ಪಕ್ಕಕ್ಕ ಸರದು, "ಯಪ್ಪಾ, ನಾ ಬಂದಾಗೊಮ್ಮಿ ಇಲ್ಲೇ ಇರ್ತಿ. ಇನ್ನೂ ಆರಾಮ ಆಗಿಲ್ಲೇನು? ಈ ಡಾಕ್ಟರ್ನ ಬಿಡು, ಬ್ಯಾರೆ ಕಡಿ ತೋರಸ್ಕೊ" ಅಂದ್ಲು. ಒಳಗ ಡಾಕ್ಟರ್ ನಗಾಕ ಹತ್ತಿದ್ರು. ಆವತ್ತ ಅವರು ನನ್ನ ಔಷಧ ಬರದ್ರು. ಟ್ರೇನಿಂಗ್ ಪುಸ್ತಕದಾಗಿನ ಯಾವ ಉಪಾಯಕ್ಕೂ ಆಗದ ಕೆಲಸ ಆ ಮುದುಕಿ ಮಾಡಿಕೊಟ್ಲು.

ಲಿಂಗಸೂಗೂರ ಬಸ್ ಸ್ಟ್ಯಾಂಡಿನಾಗ ಒಂದ ದಿನ ಹೊಟ್ಟಿ ಹಿಡಕೊಂಡು ಕುಂತವ ಏಳಾಕ ಆಗಲಿಲ್ಲ. ಸಿಂಧನೂರಿನ ಹೊಟ್ಟಿ ಡಾಕ್ಟರು ಸುಮಂಗಲಾ ಮೇಡಂ ಬಾಯಾಗ ಪೈಪ್ ಬಿಟ್ಟು ನೋಡಿ, "ನಿಮ್ಮ ಹೊಟ್ಟ್ಯಾಗ ಪೈಲೋರಿ ಅನ್ನೂ ಹುಳ ಸಂಸಾರ ಹೂಡ್ಯಾವ" ಅಂದ್ರು. ಕಣ್ಣಿಗೆ ಕಾಣದ ಸಣ್ಣ ಹುಳ, ಹೊಟ್ಟಿ ಗ್ವಾಡಿಗೆ ಹತ್ತಿಕೊಂಡು ಕೂಡ್ತಾವ, ಬಿಟ್ರ ಹುಣ್ಣು ಮಾಡ್ತಾವ. ಹದಿನಾಲ್ಕು ದಿನ ಗುಳಿಗಿ ಬರದ್ರು. ಆ ಗುಳಿಗಿ ನುಂಗಿದ್ರ ಬಾಯಿ ತಗಡು ನೆಕ್ಕಿದಂಗ ಆಗ್ತೈತಿ, ಚಹಾನೂ ತಗಡು, ರೊಟ್ಟೀನೂ ತಗಡು. ಆರನೇ ದಿನಕ್ಕ ಬಿಡಾಕ ನೋಡಿದೆ. ನನ್ನ ಹೆಂಡತಿ ರೆಹಾನಾ ನೀರಿನ ಗ್ಲಾಸ್ ಹಿಡಕೊಂಡು ಎದುರು ನಿಂತ್ಲು: "ಪೂರಾ ಖಾವ್ ಜೀ, ಆಧಾ ನಕ್ಕೊ ಛೋಡೋ." ಅರ್ಧಕ್ಕ ಬಿಡೂ ಧೈರ್ಯ ನನಗ ಇರಲಿಲ್ಲ, ಹುಳದ ಅಂಜಿಕಿಗಲ್ಲ, ಅಕಿ ಅಂಜಿಕಿಗೆ. ಹದಿನಾಲ್ಕೂ ದಿನ ನುಂಗಿದೆ, ಆರಾಮ ಆದೆ. ಈ ಮಾತು ನೆನಪಿಟ್ಕೋರಿ, ಮುಂದ ಬೇಕಾಗ್ತೈತಿ.

ನಾ ರಿಟೈರ್ ಆಗೂಕ ಎರಡು ವರ್ಷ ಇದ್ದಾಗ ಕಂಪನಿಯವರು ನಮ್ಮನ್ನ ಹುಬ್ಬಳ್ಳಿಗೆ ಕರಸಿದ್ರು. ಹೊಸ ಮಾಲು ಬಂದಿತ್ತು, ಸಮುದ್ರ ಪಾಚಿ ಕ್ಯಾಪ್ಸೂಲು. ಹೊಟೇಲಿನ ಹಾಲ್ ತುಂಬ ನೀಲಿ ಬಟ್ಟಿ ಕಟ್ಟಿ, ಸ್ಪೀಕರಿನಾಗ ತೆರಿ ಸಪ್ಪಳ ಹಚ್ಚಿದ್ರು. ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬ್ರು ಸೂಟಿನ ಮ್ಯಾಲ ಶಂಖದ ಸರ ಹಾಕ್ಕೊಂಡು ಬಂದು, "ಗೆಳೆಯರೇ, ಇವತ್ತಿನಿಂದ ನೀವೆಲ್ಲ ಸಮುದ್ರದ ಮಕ್ಕಳು!" ಅಂದ್ರು. ನಾ ಹುಟ್ಟಿದಾಗಿಂದ ನೋಡಿದ್ದ ದೊಡ್ಡ ನೀರಂದ್ರ ತುಂಗಭದ್ರಾ ಎಡದಂಡಿ ಕಾಲುವಿ. ಆದ್ರೂ ಎಲ್ಲಾರ ಜೋಡಿ ಚಪ್ಪಾಳಿ ಹೊಡದೆ, ಊಟದಾಗ ಗುಲಾಬ್ ಜಾಮೂನ್ ಇತ್ತು.

ಮಾಲು ಸುಳ್ಳಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ. ಕಂದು ಬಣ್ಣದ ಪಾಚಿಯಿಂದ ತಗದ ಒಂದು ಪದಾರ್ಥ. ಹೊಟ್ಟ್ಯಾಗಿನ ಹುಳಕ್ಕ ಗುಳಿಗಿ ತಗೊಳ್ಳಾಕತ್ತವರು ಅದರ ಜೋಡಿ ಇದನ್ನೂ ತಗೊಂಡ್ರ ಅನುಕೂಲ ಆದೀತು ಅಂತ ಅವರ ಹೇಳಿಕಿ. ನಮಗ ಕೊಟ್ಟ ಬಣ್ಣದ ಕಾರ್ಡಿನ ಮ್ಯಾಲ ದೊಡ್ಡ ತೆರಿ, ತೆರಿ ಮ್ಯಾಲ ನಗೂ ಹೊಟ್ಟಿ, ಎಲ್ಲಾದಕ್ಕೂ ಕೆಳಗ ಬಲಮೂಲ್ಯಾಗ ಇರಿವಿ ಗಾತ್ರದ ಅಕ್ಷರದಾಗ ಒಂದು ಸಾಲು: "ವೈದ್ಯರು ಬರೆದ ಔಷಧದ ಜೊತೆಗೆ ಮಾತ್ರ, ಅದರ ಬದಲಿಗೆ ಅಲ್ಲ."

ನಾ ಕೈ ಎತ್ತಿ, "ಸಾಹೇಬ್ರ, ಈ ಸಾಲು ಡಾಕ್ಟರಿಗೆ ಓದಿ ಹೇಳಬೇಕೇನ್ರಿ?" ಅಂತ ಕೇಳಿದೆ.

ಕುಲಕರ್ಣಿ ಸಾಹೇಬ್ರು ನನ್ನ ಕೈಯಾಗಿನ ಕಾರ್ಡ್ ಇಸಗೊಂಡು, ಬಲಗೈ ಹೆಬ್ಬೆಟ್ಟು ಸೀದಾ ಆ ಸಾಲಿನ ಮ್ಯಾಲ ಇಟ್ಟು, ಎಲ್ಲಾರಿಗೂ ಎತ್ತಿ ತೋರಿಸಿದ್ರು. "ಕಾರ್ಡ್ ಹಿಂಗ ಹಿಡೀಬೇಕು. ಹಿಡಿಯಾಕ ಒಂದು ಜಾಗ ಬೇಕಲ್ಲಪಾ, ಗಾಳಿಯಾಗ ಹಿಡಿಯಾಕ ಆಗ್ತೈತೇನು?" ಅಂದ್ರು. ಹಾಲ್ ತುಂಬ ನಗಿ. ಆವತ್ತಿನ ಮಧ್ಯಾಹ್ನ ನಲವತ್ತು ಮಂದಿ, ಅದರಾಗ ಮೊಮ್ಮಕ್ಕಳು ಕಂಡಾಂವ ನಾನೂ ಒಬ್ಬ, ಸಾಲಾಗಿ ನಿಂತು ಕಾರ್ಡ್ ಹಿಡಿಯೂ ತಾಲೀಮು ಮಾಡಿದ್ವಿ. ನನ್ನ ಹೆಬ್ಬೆಟ್ಟು ಅಗಲ ಐತಿ, ಸಾಲು ಪೂರ್ತಿ ಮುಚ್ತಿತ್ತು. ಸಾಹೇಬ್ರು ಬೆನ್ನು ತಟ್ಟಿದ್ರು.

ಊರಾಗ ಬಂದು ಮಾರಾಕ ಹತ್ತಿದ ಮ್ಯಾಲ ತಿಳೀತು, ಸಮುದ್ರ ನಮ್ಮ ಕಡಿ ಮಂದಿಗೆ ಎಷ್ಟು ದೂರ ಐತಿ ಅಂತ. ಲಿಂಗಸೂಗೂರಿನ ಒಬ್ಬ ಡಾಕ್ಟರ್ ತಮ್ಮ ಪೇಷಂಟ್, ಲಿಂಗಪೂಜಿ ಬಿಡದ ಒಬ್ಬ ಅಜ್ಜಗ ಈ ಕ್ಯಾಪ್ಸೂಲ್ ಬರದು, "ತಿಳಿಸಿ ಹೇಳ್ರಿ" ಅಂತ ನನ್ನ ಕೈಗೆ ಒಪ್ಪಿಸಿದ್ರು.

ಅಜ್ಜ ಚಷ್ಮಾ ಏರಿಸಿ, "ಸಮುದ್ರದಾಗಿಂದು ಅಂತೀ. ಮೀನಾ?" ಅಂದ.

"ಅಲ್ರೀ ಅಜ್ಜಾರ, ನೀರಾಗ ಬೆಳಿಯೂ ಸೊಪ್ಪು."

"ಮೀನಿನ ಬಾಜೂಕ ಬೆಳೀತೈತಿ?"

"ಬೆಳೀತೈತ್ರಿ. ಆದ್ರ ಮುಟ್ಟೂದಿಲ್ಲ."

"ನೀ ಹೋಗಿ ನೋಡೀಯೇನು?"

ಇಲ್ಲ ಅಂದೆ. ಅಜ್ಜ ಕ್ಯಾಪ್ಸೂಲ್ ಹಿಚುಕಿ, "ಸೊಪ್ಪು ಒಳಗಾತು. ಈ ಮ್ಯಾಲಿನ ಅಂಗಿ ಯಾತರದ್ದು?" ಅಂದ. ಅದು ದನದ ಎಲುವು ತೊಗಲಿನ ಅಂಟಿನಿಂದ ಮಾಡೂದು ಅಂತ ನನಗ ಗೊತ್ತಿತ್ತು. ನಾ ಚೀಲ ಹುಡುಕಿದಂಗ ಮಾಡಿದೆ. ಅಜ್ಜ ಕ್ಯಾಪ್ಸೂಲ್ ವಾಪಸ್ ಕೊಟ್ಟು, ಕೈ ತೊಳಕೊಳ್ಳಾಕ ಹೋದ. ಕಂಪನಿಗೆ ಬರದೆ. ಆರು ತಿಂಗಳಿಗೆ ಅಂಗಿ ಬದಲಾತು, ಅಜ್ಜನ ನಂಬಿಕಿ ಬದಲಾಗಲಿಲ್ಲ.

ಇಂಥಾದರಾಗ ಕಂಪನಿ ನಮ್ಮ ಫೋನಿನಾಗ ಒಂದು ಆ್ಯಪ್ ಹಾಕಿತು, ನಾವು ಎಲ್ಲಿ ಅದೀವಿ ಅಂತ ಹುಬ್ಬಳ್ಯಾಗ ಕುಂತು ನೋಡಾಕ. ನಮ್ಮ ಪೈಕಿ ಒಬ್ಬಾಂವ, ಬಲೇ ಶಾಣ್ಯಾ, ಫೋನನ್ನ ಲಿಂಗಸೂಗೂರ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಮನ್ಯಾಗ ಮಲಗತಿದ್ದ. ತಿಂಗಳ ಕಡೀಗೆ "ಅತಿ ಹೆಚ್ಚು ತಿರುಗಿದ ಪ್ರತಿನಿಧಿ" ಅಂತ ಅವಗ ಶಾಲು ಹೊದಿಸಿದ್ರು. ಶಾಲಿನ ಅರ್ಧ ಕಂಡಕ್ಟರಿಗೆ ಹೋಗಬೇಕಿತ್ತು.

ಸುಮಂಗಲಾ ಮೇಡಂ ಮುಂದ ಮಾತ್ರ ಯಾವ ಆಟಾನೂ ನಡೀತಿರಲಿಲ್ಲ. ಕಾರ್ಡ್ ಹಿಡಕೊಂಡು ಕಲಿಸಿದ ಪಾಠ ಶುರು ಮಾಡಿದೆ. ಅವರು ಬರಕೋತ ಇದ್ದ ಪೆನ್ ನಿಲ್ಲಿಸಿದ್ರು.

"ಖಾಜಾ ಅವ್ರ, ಹೆಬ್ಬೆಟ್ಟು ತೆಗೀರಿ."

"ಏನ್ ಮೇಡಂ?"

"ಹೆಬ್ಬೆಟ್ಟು. ಕಾರ್ಡಿನ ಮ್ಯಾಲಿಂದು."

ತಗದೆ. ಅವರು ಆ ಸಾಲು ಓದಿ, ಕಾರ್ಡ್ ಟೇಬಲ್ ಮ್ಯಾಲ ಇಟ್ಟು, ಸಿಟ್ಟಿಲ್ಲದ ಹೇಳಿದ್ರು: "ಈ ಪಾಚ್ಯಾಗಿನ ಪದಾರ್ಥ ಹುಳ ಹೊಟ್ಟಿ ಗ್ವಾಡಿಗೆ ಹತ್ತಿಕೊಳ್ಳದಂಗ ಅಡ್ಡ ಬರ್ತೈತಿ ಅಂತ ಗಾಜಿನ ತಟ್ಟ್ಯಾಗ, ಇಲಿ ಹೊಟ್ಟ್ಯಾಗ ನೋಡ್ಯಾರ. ಮನಷ್ಯಾರ ವಿಚಾರ ಇನ್ನೂ ಗಟ್ಟಿಯಾಗಿಲ್ಲ. ಗುಳಿಗಿ ಜೋಡಿ ಕೊಟ್ರ ಉಪಯೋಗ ಆದರೂ ಆದೀತು. ನಾ ತೆಗೆದುಹಾಕೂದಿಲ್ಲ. ಆದ್ರ ಹುಳ ಕೊಲ್ಲೂದು ಗುಳಿಗಿ. ಮದುವಿಗೆ ಬೀಗರು ಬರಲಿ, ಬ್ಯಾಡ ಅಂದವರ್ಯಾರು? ಮದುಮಗ ಇಲ್ಲದ ಬೀಗರಷ್ಟ ಬಂದ್ರ ಯಾರ ಕಡಿಂದ ತಾಳಿ ಕಟ್ಟಸ್ತೀರಿ? ಇನ್ನೊಂದು, ಹುಣ್ಣಾದವರಿಗೆ ನನ್ನ ಕೇಳದ ಕೊಡಬ್ಯಾಡ್ರಿ. ರಕ್ತ ತೆಳು ಮಾಡೂ ಗುಣಾನೂ ಇದ್ದೀತು ಅದಕ್ಕ."

ಹೂಂ ಅಂದೆ. ಎಲ್ಲಾ ತಿಳೀತು. ಹೊರಗ ಬಂದು ಮುಂದಿನ ಡಾಕ್ಟರ್ ಬಾಗಿಲಿಗೆ ಹೋಗೂದರಾಗ ಹೆಬ್ಬೆಟ್ಟು ತನ್ನ ಜಾಗಕ್ಕ ತಾನ ಹೋಗಿ ಕುಂತಿತ್ತು.

ಈಗ ಅಮರೇಗೌಡನ ಮಾತು. ಜವಳಗೇರಾದಾಂವ, ನನ್ನ ಜೋಡಿ ಸಿಂಧನೂರಿನ ಸಾಲ್ಯಾಗ ಹತ್ತನೆತ್ತ ತನಕ ಒಂದ ಬೆಂಚಿನ ಮ್ಯಾಲ ಕುಂತಾಂವ. ಕಾಲುವಿ ನೀರಿನ ಗದ್ದಿ, ನೆಲ್ಲು ಬೆಳೀತಾನ, ಹೆಂಡತಿ ಗಂಗವ್ವನ ಜೋಡಿ ಉಂಡು ಉಟ್ಟು ಸುಖವಾಗಿ ಇದ್ದಾಂವ. ಮಾತು ಖಾರ, ಮನಸು ಮೆತ್ತಗ. ರಂಜಾನ್ ಬಂತಂದ್ರ ನನ್ನ ಮನಿಗೆ ಚೀಲ ಅಕ್ಕಿ ಅವನ ಗದ್ದೀದ ಬರ್ತಿತ್ತು. ಅವಗ ಹೊಟ್ಟಿ ನೋವು ಹತ್ತಿ, ಸುಮಂಗಲಾ ಮೇಡಂ ಕಡಿಗೆ ನಾನ ಕರಕೊಂಡು ಹೋದೆ. ಅದ ಹುಳ, ಮ್ಯಾಲ ಸಣ್ಣದೊಂದು ಹುಣ್ಣು. ಅದ ಹದಿನಾಲ್ಕು ದಿನದ ಗುಳಿಗಿ.

ನಾಲ್ಕನೇ ದಿನಕ್ಕ ಅವನ ಫೋನ್ ಬಂತು. "ಲೇ ಖಾಜಾ, ಏನ್ ಗುಳಿಗಿಲೇ ಇವು? ಬಾಯಾಗ ಟ್ರ್ಯಾಕ್ಟರ್ ಸೈಲೆನ್ಸರ್ ಇಟ್ಕೊಂಡಂಗ ಆಗ್ಯಾದ. ಗಂಗವ್ವ ಮಾಡಿದ ಪುಂಡಿಪಲ್ಲೆ ರುಚಿ ಹತ್ತವಲ್ದು."

ಅದ ವಾರ ಕುಲಕರ್ಣಿ ಸಾಹೇಬ್ರು ಗ್ರೂಪಿನಾಗ ಹುಕುಂ ಹಾಕಿದ್ರು, ಪ್ರತಿಯೊಬ್ಬರೂ ಒಬ್ಬ "ಸಂತೋಷದ ರೋಗಿ"ಯ ಫೋಟೋ ಕಳಸಬೇಕು ಅಂತ. ನನ್ನ ಮೂರೂ ಊರಾಗ ಸಂತೋಷದ ರೋಗಿ ಒಬ್ಬನೂ ಸಿಕ್ಕಿರಲಿಲ್ಲ. ರಿಟೈರ್ ಆಗೂ ಮುಂಚೆ ಒಂದ ಸಲನಾದ್ರೂ ಸ್ಟೇಜ್ ಹತ್ತಬೇಕು ಅನ್ನೂ ಆಸೆ ನನಗ ಇತ್ತು, ಮುಚ್ಚಿಡೂದಿಲ್ಲ. ಗಾಡಿ ಹತ್ತಿ ಜವಳಗೇರಾಕ್ಕ ಹೋದೆ. ಚೀಲದಾಗ ಸ್ಯಾಂಪಲ್ ಕ್ಯಾಪ್ಸೂಲ್ ಇದ್ದವು.

ಕಟ್ಟಿ ಮ್ಯಾಲ ಕುಂತು ಕಾರ್ಡ್ ತೋರಿಸಿದೆ. ಐವತ್ತು ವರ್ಷದ ಗೆಳೆಯಗ ಕಾರ್ಡ್ ತೋರಿಸಿದೆ, ಹೆಬ್ಬೆಟ್ಟು ಒತ್ತಿ ಹಿಡಕೊಂಡು. "ಇದು ಸಮುದ್ರದ್ದು ಗೌಡ, ತಂಪು. ಬಾಯಿ ಕೆಡೂದಿಲ್ಲ, ಕಹಿ ಇಲ್ಲ" ಅಂದೆ.

ಅಂವ ಕೇಳಿದ, ಸ್ಪಷ್ಟ ಕೇಳಿದ: "ಹಂಗಾದ್ರ ಆ ತಗಡು ಗುಳಿಗಿ ಬಿಡ್ಲೇನು?"

ನನ್ನ ಬಾಯಾಗ "ಬಿಡಬ್ಯಾಡ" ಅನ್ನೂ ಒಂದು ಶಬ್ದ ಬರಬೇಕಿತ್ತು. ನಾಲ್ಕು ಅಕ್ಷರ. ನಾ ಅಂದದ್ದು, "ನೋಡು, ನಿನ್ನ ಹೊಟ್ಟಿ ಏನ್ ಹೇಳ್ತೈತಿ ಹಂಗ ಮಾಡು." ಬಿಡು ಅಂತ ನಾ ಹೇಳಲಿಲ್ಲ ಅಂತ ಮುಂದ ಎಷ್ಟೋ ದಿನ ನನಗ ನಾನ ಸಮಾಧಾನ ಹೇಳಿಕೊಂಡೀನಿ. ಹೊಟ್ಟಿ ಏನ್ ಹೇಳ್ತೈತಿ ಅನ್ನೂದು ಮೂವತ್ತೆರಡು ವರ್ಷ ಹೊಟ್ಟಿ ಔಷಧ ಮಾರಿದವನಿಗೆ ಗೊತ್ತಿರಲಿಲ್ಲೇನು? ಹೊಟ್ಟಿ ಯಾವತ್ತೂ ಪುಂಡಿಪಲ್ಲೆ ಬೇಕು ಅಂತೈತಿ.

ಹತ್ತು ದಿನಕ್ಕ ಮತ್ತ ಹೋದೆ. ಗೌಡ ನಗಕೋತ ಎದುರಿಗೆ ಬಂದ. "ಹೊಟ್ಟಿ ತಂಪಾಗ್ಯಾದಲೇ!" ಗದ್ದಿ ಬದುವಿನ ಮ್ಯಾಲ ನಿಲ್ಲಿಸಿ, ಹಿಂದ ಹಸುರು ನೆಲ್ಲು ಕಾಣೂವಂಗ ಫೋಟೋ ಹೊಡದೆ. ಗುಳಿಗಿ ವಿಚಾರ ನಾ ಕೇಳಲಿಲ್ಲ, ಅಂವ ಹೇಳಲಿಲ್ಲ. ಫೋಟೋ ಹುಬ್ಬಳ್ಳಿಗೆ ಹೋತು. ಕುಲಕರ್ಣಿ ಸಾಹೇಬ್ರು ಮೂರು ಹೂವಿನ ಚಿತ್ರ ಹಾಕಿ ಉತ್ತರ ಕೊಟ್ರು.

ನನಗ ಗೊತ್ತಿರದ ಸಂಗತಿ ಒಂದಿತ್ತು. ನಾ ಕೊಟ್ಟ ಸ್ಯಾಂಪಲ್ ಐದ ದಿನಕ್ಕ ಮುಗದಿದ್ದವು. ಗೌಡ ಔಷಧದಂಗಡ್ಯಾಗ ಕೇಳಿದ್ರ ತುಟ್ಟಿ ಅನಿಸೈತಿ. ಮನಿಗೆ ಬಂದು ನೋಡಿದ್ರ ಅವನ ಕೊಟ್ಟಿಗ್ಯಾಗ ಐದು ಲೀಟರಿನ ಕ್ಯಾನ್ ಐತಿ. ನಿಮಗ ಗೊತ್ತಿರಲಿಕ್ಕಿಲ್ಲ, ನಮ್ಮ ಕಾಲುವಿ ಭಾಗದಾಗ ನೆಲ್ಲು ತೆಂಡಿ ಒಡಿಯೂ ಹೊತ್ತಿನಾಗ ಒಂದು ಕರೀ ರಸ ಹೊಡೀತಾರ, ಗೊಬ್ಬರದಂಗಡ್ಯಾಗ ಸಿಗ್ತೈತಿ. ಅದೂ ಸಮುದ್ರ ಪಾಚೀದ. ಕ್ಯಾನಿನ ಮ್ಯಾಲಿನ ಚೀಟ್ಯಾಗೂ ನಮ್ಮ ಕಾರ್ಡಿನಂಥಾದ ತೆರಿ. ಸಮುದ್ರದ ಪಾಚಿ ಅಂದ ಮ್ಯಾಲ ಗದ್ದೀಗಾದ್ರೇನು, ಗೌಡಗಾದ್ರೇನು? ನೆಲ್ಲಿಗೆ ಅದು ಮಾಡಿದ ಉಪಕಾರ ಅವನು ಕಣ್ಣಾರೆ ಕಂಡಿದ್ದ. ನನ್ನ ಕ್ಯಾಪ್ಸೂಲಿಗೆ ಅಂಥಾ ಸಾಕ್ಷಿ ಎಲ್ಲಿತ್ತು? ದಿನಾ ಎರಡು ಮುಚ್ಚಳ ಆ ರಸ ಮಜ್ಜಗ್ಯಾಗ ಹಾಕ್ಕೊಂಡು ಕುಡ್ಯಾಕ ಹತ್ಯಾನ. ತಂಪಾದದ್ದು ಮಜ್ಜಗಿಯಿಂದ. ಅದ ಹೊತ್ತಿನಾಗ ಗದ್ದ್ಯಾಗಿನ ಕಳೇ ಕೀಳಾಕ ಬಗ್ಗಿ ಬಗ್ಗಿ ಸೊಂಟ ಹಿಡದು, ಕಿರಾಣಿ ಅಂಗಡೀದು ಮೈಕೈ ನೋವಿನ ಗುಳಿಗೀನೂ ನುಂಗ್ಯಾನ, ಖಾಲಿ ಹೊಟ್ಟ್ಯಾಗ. ಒಳಗ ಹುಣ್ಣು ತನ್ನ ಕೆಲಸ ತಾ ಮಾಡ್ತಿತ್ತು.

ಹುಬ್ಬಳ್ಯಾಗ ಅದ ನೀಲಿ ಹಾಲಿನಾಗ, ಮುಂಜಾನೆ ಹನ್ನೊಂದಕ್ಕ, ನನ್ನ ಹೆಸರು ಕೂಗಿದ್ರು. "ಸಮುದ್ರ ರತ್ನ" ಪ್ರಶಸ್ತಿ. ದೊಡ್ಡ ಪರದೆ ಮ್ಯಾಲ ಅಮರೇಗೌಡ ನಗಾಕತ್ತಿದ್ದ. ನನ್ನ ಕೈಯಾಗ ಇಟ್ಟದ್ದು ಗಾಜಿನ ತೆರಿ, ಅದರ ಬುಡಕ್ಕ ನನ್ನ ಹೆಸರು ಕೆತ್ತಿತ್ತು. ಕುಲಕರ್ಣಿ ಸಾಹೇಬ್ರು ಕೈ ಕುಲುಕೂವಾಗ ನನ್ನ ಪ್ಯಾಂಟಿನ ಕಿಸೆದಾಗ ಫೋನ್ ನಡುಗಾಕ ಹತ್ತಿತ್ತು. ಅಭಿನಂದನಾ ಇರಬೇಕು ಅನಕೊಂಡೆ. ಇಳಿದು ಬಂದು ನೋಡಿದ್ರ ಗಂಗವ್ವನ ಏಳು ಕರೆ. ಬಿರಿಯಾನಿ ಸಾಲಿನಾಗ ನಿಂತು ವಾಪಸ್ ಮಾಡಿದೆ.

"ಅಣ್ಣಾರ," ಅಂದ್ಲು. "ಇವರು ರಕ್ತ ಕಾರ್ಯಾರ. ಬೋಗಾಣಿ ತುಂಬ. ಮೇಡಂ ದವಾಖಾನಿಗೆ ತಂದೀವಿ. ನೀವೆಲ್ಲಿ ಅದೀರಿ?"

ಬರ್ತೀನಿ ಅಂದೆ, ಎಲ್ಲಿಂದ ಅನ್ನೂದು ಹೇಳಲಿಲ್ಲ. ಸಿಕ್ಕ ಬಸ್ ಹತ್ತಿದೆ. ಗಂಗಾವತಿ ದಾಟೂ ತನಕ ತೊಡಿ ಮ್ಯಾಲಿನ ಚೀಲದಾಗ ಆ ಗಾಜು ಎದ್ದೆದ್ದು ಬಡೀತಿತ್ತು. ಯಾ ಅಲ್ಲಾ, ಇವನ್ನ ಉಳಿಸು, ನನ್ನ ಮುಖ ಇವಗ ತೋರಸಾಕ ಆಗದಿದ್ರೂ ಅಡ್ಡಿಯಿಲ್ಲ ಅಂತ ಬೇಡಿಕೊಂಡೆ.

ಹೊತ್ತು ಮುಳುಗೂದರಾಗ ಸಿಂಧನೂರು ಮುಟ್ಟಿದೆ. ಮೇಡಂ ಪೈಪ್ ಬಿಟ್ಟು ಹುಣ್ಣಿನ ರಕ್ತ ನಿಲ್ಲಿಸಿದ್ರು, ಎರಡು ಬಾಟ್ಲಿ ರಕ್ತ ಏರಿಸಿದ್ರು. ಗೌಡ ಉಳದಿದ್ದ. ಅವರ ಕೋಣಿಯೊಳಗ ಹೋದ್ರ ಟೇಬಲ್ ಮ್ಯಾಲ ಆ ಕರೀ ಕ್ಯಾನ್ ಇತ್ತು. "ಏನೇನ್ ಕುಡದಾರ, ತಂದು ತೋರಿಸ್ರಿ" ಅಂದದ್ದಕ್ಕ ಗಂಗವ್ವ ಅದನ್ನ ಬಗಲಾಗ ಇಟ್ಕೊಂಡು ತಂದಿದ್ಲು. ಮೇಡಂ ಚೀಟಿ ಓದಾಕತ್ತಿದ್ರು.

"ಇದರ ಮ್ಯಾಲ ಎಕರೆಗೆ ಇಷ್ಟು ಅಂತ ಬರದೈತಿ" ಅಂದ್ರು ಗಂಗವ್ವಗ. "ನಿಮ್ಮ ಯಜಮಾನ್ರ ಹೊಟ್ಟಿ ಎಷ್ಟು ಎಕರೆ ಐತ್ರೀ?"

ಗಂಗವ್ವ ಅಳಕೋತನ ನಕ್ಕಳು. ನಂತರ ಮೇಡಂ ನನ್ನ ಕಡಿ ತಿರುಗಿದ್ರು. ಬೈತಾರ ಅಂತ ತಲಿ ತಗ್ಗಿಸಿ ನಿಂತೆ. ಅವರು ನನ್ನ ಬಲಗೈ ಹೆಬ್ಬೆಟ್ಟಿನ ಕಡಿ ಒಂದು ಸಲ ನೋಡಿ, ಮತ್ತ ಕೇಸ್ ಪೇಪರ್ ಬರಿಯಾಕ ಹತ್ತಿದ್ರು. ನಾನು ಕೈ ಹಿಂದ ಕಟಗೊಂಡೆ.

ಮರುದಿನ ಮುಂಜಾನೆ ಗೌಡ ಕಣ್ಣು ಬಿಟ್ಟ. ಮುಖ ಸುಣ್ಣ ಹಚ್ಚಿದ ಗ್ವಾಡಿ ಆಗಿತ್ತು. ಬಾಜೂಕ ಸ್ಟೂಲ್ ಮ್ಯಾಲ ಕುಂತೆ.

"ಖಾಜಾ," ಅಂದ. "ನಿನಗೂ ಇದ ಹುಳ ಆಗಿದ್ವಲ್ಲ?"

"ಹೂಂ."

"ನೀ ಏನ್ ನುಂಗಿದ್ದಿ?"

ನನಗ ಸುಳ್ಳು ಹೇಳಾಕ ಬರ್ತಿತ್ತು, ಅದ ನನ್ನ ಕಸುಬು. ಆವತ್ತ ಬರಲಿಲ್ಲ. "ಗುಳಿಗಿ" ಅಂದೆ.

"ತಗಡಿನವ?"

"ಅವ."

"ಎಷ್ಟು ದಿನ?"

"ಹದಿನಾಲ್ಕು."

"ಪೂರ್ತಿ?"

"ಪೂರ್ತಿ, ಗೌಡ."

ಅಂವ ಬೈಲಿಲ್ಲ. ಬೈದಿದ್ರ ನನ್ನ ಜೀವಕ್ಕ ಹಗುರ ಆಗ್ತಿತ್ತು, ಸಾಲ್ಯಾಗಿಂದ ಅವನ ಬೈಗಳ ತಿಂದು ಬೆಳದಾಂವ ನಾನು. "ಹೂಂ" ಅಂತ ಗ್ವಾಡಿ ಕಡಿ ಮಾರಿ ತಿರುವಿದ. ಗಂಗವ್ವ ಅವನ ಹೊದಿಕಿ ಸರಿ ಮಾಡಿದ್ಲು, ನನ್ನ ಕಡಿ ನೋಡಲಿಲ್ಲ. ನನಗ ನಾಚಿಕಿ ಬಂತು. ಮೂವತ್ತೆರಡು ವರ್ಷದಾಗ ಡಾಕ್ಟರ್‌ಗಳು ಹೊರಗ ಹಾಕ್ಯಾರ, ಮ್ಯಾನೇಜರ್‌ಗಳು ನಲವತ್ತು ಮಂದಿ ಮುಂದ ಬೈದಾರ, ಆಗೆಲ್ಲ ಬಂದದ್ದು ಸಿಟ್ಟು. ಖರೇ ನಾಚಿಕಿ ಬಂದದ್ದು ಆ ಸ್ಟೂಲ್ ಮ್ಯಾಲ.

ಹುಣ್ಣು ಮಾಯಾಕತ್ತಿದ ಮ್ಯಾಲ ಮೇಡಂ ಹೊಸದಾಗಿ ಹದಿನಾಲ್ಕು ದಿನದ ಗುಳಿಗಿ ಬರದ್ರು. ಅರ್ಧಕ್ಕ ಬಿಟ್ಟ ಗುಳಿಗಿಗೆ ಹುಳ ರೂಢಿ ಆಗಿರಬಹುದು ಅಂತ ಈ ಸಲ ಬ್ಯಾರೆ ಗುಳಿಗಿ, ಇನ್ನೂ ಕೆಟ್ಟ ರುಚೀವು. ನಾ ದಿನಾ ಮುಂಜಾನೆ ಗಾಡಿ ಹತ್ತಿ ಜವಳಗೇರಾಕ್ಕ ಹೋಗಿ ಅವನ ಅಂಗೈಯಾಗ ಗುಳಿಗಿ ಇಡ್ತಿದ್ದೆ. ಸಂಜೀದು ಗಂಗವ್ವ ನೋಡಿಕೊಂತಿದ್ಲು. ಗೌಡ ನನ್ನ ಜೋಡಿ ಮಾತು ಬಿಟ್ಟಿದ್ದ. ನುಂಗಿ, ಬಾಯಿ ತಗದು, ನಾಲಿಗಿ ಎತ್ತಿ ತೋರಸ್ತಿದ್ದ, ಸಾಲ್ಯಾಗ ಮಾಸ್ತರಿಗೆ ಪಾಟಿ ತೋರಿಸಿದಂಗ. ಹನ್ನೊಂದನೇ ದಿನ ಬಾಯಿ ತಗದಾಂವ, "ಲೇ, ಇದು ತಗಡಲ್ಲ, ತುಕ್ಕು ಹಿಡದ ತಗಡು" ಅಂದ. ನಾ ಗಾಡಿ ಹಿಡಕೊಂಡು ಅತ್ತುಬಿಟ್ಟೆ. ಕೆಲವು ವಾರ ಬಿಟ್ಟು ಮೇಡಂ ಪರೀಕ್ಷಾ ಮಾಡಿಸಿದ್ರು. ಹುಳ ಇರಲಿಲ್ಲ.

ಕುಲಕರ್ಣಿ ಸಾಹೇಬ್ರಿಗೆ ಫೋನ್ ಮಾಡಿ, ಆ ಫೋಟೋ ತಗೀರಿ, ಆ ಮನಷ್ಯಾ ಸಾವಿನ ಬಾಯಿಗೆ ಹೋಗಿ ಬಂದಾನ ಅಂದೆ. ಅವರಿಗೆ ಭಾಳ ಕೆಟ್ಟ ಅನಿಸ್ತು. "ಛೇ ಛೇ ಛೇ" ಅಂತ ಮೂರು ಸಲ ಅಂದ್ರು. ಆಮ್ಯಾಲ, "ಹಂಗಾದ್ರ ಇನ್ನೊಂದು ಫೋಟೋ ಕಳಸ್ರಿ ಖಾಜಾ, ಸ್ವಲ್ಪ ಗಟ್ಟಿ ಇದ್ದಾವನದು" ಅಂದ್ರು.

ಉಳದ ತಿಂಗಳು ನಾ ಹೆಬ್ಬೆಟ್ಟು ತಗದು ಕಾರ್ಡ್ ಹಿಡದೆ. ಮೂರೂ ಊರಿನ ಡಾಕ್ಟರ್ ಮುಂದ ಮೊದಲ ಆ ಕೆಳಗಿನ ಸಾಲು ಓದಿ, ಆಮ್ಯಾಲ ಮ್ಯಾಲಿನ ತೆರಿ ತೋರಸ್ತಿದ್ದೆ. ಕೆಲವರು ನಕ್ಕರು. ಮಸ್ಕಿಯ ಹಳೇ ಡಾಕ್ಟರ್ ಒಬ್ಬರು, "ಖಾಜಾ, ಜ್ವರಾ ಬಂದಾವೇನು?" ಅಂತ ಹಣಿ ಮುಟ್ಟಿ ನೋಡಿದ್ರು. ಮಾಲು ಅಷ್ಟಕ್ಕಷ್ಟ ಹೋತು. ಗುಳಿಗಿ ಜೋಡಿ, ಮೇಡಂ ಕೇಳಿ, ತಗೊಂಡವರು ತಗೊಂಡ್ರು. ಅದರಿಂದ ಅವರಿಗೆ ಹೆಚ್ಚಿಗಿ ಉಪಕಾರ ಆತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದನ್ನ ಬಾಯಿಬಿಟ್ಟು ಹೇಳಾಕ ನಾ ಕಲತದ್ದ ಆ ಕಡೀ ವರ್ಷ. ನನ್ನ ಬೀಳ್ಕೊಡುಗಿ ಗ್ರೂಪಿನಾಗ ಒಂದು ಮೆಸೇಜಿನಾಗ ಮುಗೀತು, ಹೂವಿನ ಚಿತ್ರ ಈ ಸಲ ಒಂದ.

ಈಗ ನೀವು ಕಾರ್ಡ್ ಹಿಡಿಯೂದಿಲ್ಲ, ಲಿಂಕ್ ಕಳಸ್ತೀರಿ. ಹೆಬ್ಬೆಟ್ಟಿನ ಕೆಲಸ ಈಗ ಫೋನ್ ಮಾಡ್ತೈತಿ, ಬೇಕಾದ ಸಾಲು ಎಷ್ಟು ಉಜ್ಜಿದ್ರೂ ಪರದೆ ಮ್ಯಾಲ ಬರೂದಿಲ್ಲ. ಅದನ್ನ ಹುಡುಕಿ ಓದ್ರಿ. ಯಾರರ ಕೇಳಿದ್ರ ನೀವು ಏನ್ ನುಂಗಿದ್ರಿ ಅನ್ನೂದು ಹೇಳ್ರಿ. ಇದಕ್ಕಿಂತ ಹೆಚ್ಚಿಗಿ ಹೇಳೂ ಯೋಗ್ಯತಾ ನನಗಿಲ್ಲ.

ಪ್ರಶಸ್ತಿ ಏನಾತು ಅಂತ ಕೇಳ್ತೀರಿ. ಮನ್ಯಾಗ ಕಪಾಟಿನ ಹಿಂದ ಬಟ್ಟ್ಯಾಗ ಸುತ್ತಿ ಇಟ್ಟಿದ್ದೆ. ಗೌಡ ಆರಾಮ ಆಗಿ ಮೊದಲನೇ ಸಲ ನನ್ನ ಮನಿಗೆ ಬಂದಾಗ ರೆಹಾನಾ ಮಾತಿನ ಭರಕ್ಕ ಬಾಯಿ ಬಿಟ್ಲು. ಅಂವ ತರಿಸಿ, ತಿರಗ್ಯಾಡಿಸಿ ನೋಡಿ, ಹೆಸರು ಓದಿ, "ಲೇ, ಇದು ನಂದು" ಅಂದ.

"ಹ್ಯಾಂಗ ಗೌಡ?"

"ರಕ್ತ ಕಾರಿದಾಂವ ನಾನು. ಪ್ರಶಸ್ತಿ ನಿನಗ್ಯಾಕ?"

ಟವೆಲ್‌ನ್ಯಾಗ ಸುತಗೊಂಡು ಒಯ್ದ. ಈಗ ಅದು ಜವಳಗೇರಾದಾಗ ಅವನ ಪಡಸಾಲಿ ಗೂಡಿನಾಗ ಐತಿ. ಊರಾಗ ಯಾರಿಗೆ ಹೊಟ್ಟಿ ನೋವು ಬಂದು ಗುಳಿಗಿ ಅರ್ಧಕ್ಕ ಬಿಡ್ತೀನಿ ಅಂದ್ರೂ ಅವರನ್ನ ಕರಸಿ ಕೂಡಸ್ತಾನ, ನನಗೂ ಫೋನ್ ಮಾಡಿ ಕರಸ್ತಾನ. ಗಂಗವ್ವ ಚಹಾ ಕೊಡ್ತಾಳ. ಅಂವ ಬೋಗಾಣಿಯಿಂದ ಹಿಡದು ಎಕರೆ ತನಕ ಕಥಿ ಒಂದೂ ಬಿಡದ ಹೇಳ್ತಾನ, ನಾ ಎದುರಿಗೆ ಚಹಾ ಕುಡಕೋತ ಕೂಡ್ತೀನಿ. ಕಡೀಗೆ ಆ ಗಾಜಿನ ತೆರಿ ತಗದು, ಬಾಗಿಲ ಬೆಳಕಿಗೆ ಎತ್ತಿ ಹಿಡದು ತೋರಸ್ತಾನ. ಹಿಡಿಯೂವಾಗ ಹೆಬ್ಬೆಟ್ಟು ನನ್ನ ಹೆಸರಿನ ಮ್ಯಾಲ ಬರದಂಗ ಜ್ವಾಕಿಯಿಂದ ಹಿಡೀತಾನ.